ಸರ್ವರ್ ಕನೆಕ್ಷನ್ ಲೈಸೆನ್ಸ್‌ಗಳನ್ನು ಹಿಡಿದಿಟ್ಟ ಅಪ್ಲಿಕೇಶನ್ ಯಾವುದು? ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

‘ಕನೆಕ್ಷನ್ ಮಿತಿ ಮುಗಿದಿದೆ’ ಎಂಬ ಸಂದೇಶ ಕಂಡ ಕೂಡಲೇ ಬಹುತೇಕರ ಕೈ ಹೋಗುವುದು ರಿಸ್ಟಾರ್ಟ್ ಕಡೆಗೆ. ಸರ್ವರ್ ಒಮ್ಮೆ ನಿಂತು ಎದ್ದರೆ ಎಲ್ಲ ಸೀಟುಗಳೂ (ಮಿತಿಯೊಳಗಿನ ಜಾಗಗಳೂ) ಖಾಲಿ, ದೂರುಗಳೂ ಬಂದ್. ಆದರೆ ಸೀಟು ಹಿಡಿದಿದ್ದವರು ಯಾರು ಎಂಬ ಸಾಕ್ಷ್ಯವೂ ಅದರ ಜತೆಗೇ ಅಳಿದಿರುತ್ತದೆ. ಹೀಗಾಗಿ ಸಂದೇಶ ಮತ್ತೆ ಬರುತ್ತದೆ, ಮತ್ತೆ ರಿಸ್ಟಾರ್ಟ್ ಆಗುತ್ತದೆ, ಕೊನೆಗೆ ಇನ್ನಷ್ಟು ಲೈಸೆನ್ಸ್ ಕೊಳ್ಳುವ ಮಾತು ಶುರುವಾಗುತ್ತದೆ. ಸೋರಿಕೆ (ತೆರೆದ ಕನೆಕ್ಷನ್ನನ್ನು ಪ್ರೋಗ್ರಾಂ ಮುಚ್ಚದೆ ಬಿಡುವುದು) ಇರುವಾಗ ಲೈಸೆನ್ಸ್ ಕೊಳ್ಳುವುದೆಂದರೆ ತಳ ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ.

ಎರಡನೆಯ ತಪ್ಪು, ಉತ್ತರವನ್ನು ಸರ್ವರ್ ಒಂದರಲ್ಲೇ ಹುಡುಕುವುದು. ಕನೆಕ್ಷನ್ ಯಾವ ಯಂತ್ರದ ಯಾವ ಪೋರ್ಟ್‌ನಿಂದ (ಸಂಖ್ಯೆಯಿಂದ ಗುರುತಿಸುವ ಸಂಪರ್ಕ ದ್ವಾರದಿಂದ) ಬಂದಿದೆ ಎಂಬುದು ಸರ್ವರ್‌ಗೆ ಖಚಿತವಾಗಿ ಗೊತ್ತು; ಆ ಪೋರ್ಟ್ ತೆರೆದ ಪ್ರೋಗ್ರಾಂ ಯಾವುದೆಂದು ಗೊತ್ತಿಲ್ಲ. ಅತ್ತ ಕ್ಲೈಂಟ್ ಯಂತ್ರಕ್ಕೆ (ಸರ್ವರ್‌ಗೆ ಸಂಪರ್ಕಿಸುವ ಯಂತ್ರಕ್ಕೆ) ಪ್ರೋಗ್ರಾಂ ಗೊತ್ತು, ಪೋರ್ಟ್ ಗೊತ್ತು. ಲೈಸೆನ್ಸ್ ಲೆಕ್ಕ ಗೊತ್ತಿಲ್ಲ. ಎರಡೂ ಕಡೆಯ ಪಟ್ಟಿಗಳನ್ನು ಪೋರ್ಟ್ ಸಂಖ್ಯೆ ಹಿಡಿದು ಜೋಡಿಸುವುದೇ ಇಲ್ಲಿನ ಕೆಲಸದ ತಿರುಳು. ಹಂತಗಳ ಕ್ರಮ ಬದಲಿಸಬೇಡಿ.

ಮೊದಲು ಕೈಯಲ್ಲಿರಬೇಕಾದವು

ಸರ್ವರ್‌ನ ಎಲ್ಲ ಸೆಷನ್‌ಗಳನ್ನು ನೋಡುವ ಅನುಮತಿ ಬೇಕು. ಡೇಟಾಬೇಸ್ ಸರ್ವರ್‌ಗಳ ಪೈಕಿ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದು ‘ವ್ಯೂ ಸರ್ವರ್ ಸ್ಟೇಟ್’, ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಮಾನಿಟರ್’ ಪಾತ್ರ. ಅನುಮತಿ ಇಲ್ಲದೆ ಪಟ್ಟಿ ಕೇಳಿದರೆ ತಪ್ಪು ಸಂದೇಶವೇ ಬರಬೇಕೆಂದಿಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ನಿಮ್ಮದೊಂದೇ ಸೆಷನ್ ಕಾಣಬಹುದು, ಪೋಸ್ಟ್‌ಗ್ರೆಸ್‌ನಲ್ಲಿ ಬೇರೆಯವರ ಸಾಲುಗಳ ಮುಖ್ಯ ವಿವರಗಳು ಖಾಲಿ ಬರಬಹುದು. ನೂರು ಕನೆಕ್ಷನ್ ತುಂಬಿದ ಸರ್ವರ್ ಒಂದೇ ಸಾಲು ತೋರಿಸಿದರೆ ಅದು ಒಳ್ಳೆಯ ಸುದ್ದಿಯಲ್ಲ.

ಕ್ಲೈಂಟ್ ಯಂತ್ರಗಳಲ್ಲಿ ಅಡ್ಮಿನ್ ಅಥವಾ ರೂಟ್ ಅಧಿಕಾರ ಬೇಕು. ವಿಂಡೋಸ್ ಆದರೆ ನೆಟ್‌ಸ್ಟ್ಯಾಟ್ ಅಥವಾ ಪವರ್‌ಶೆಲ್, ಲಿನಕ್ಸ್ ಆದರೆ ಎಸ್‌ಎಸ್ ಇಲ್ಲವೇ ಎಲ್‌ಎಸ್‌ಒಎಫ್. ಸರ್ವರ್ ಮತ್ತು ಕ್ಲೈಂಟ್‌ಗಳ ಗಡಿಯಾರಗಳು ಒಂದೇ ಸಮಯ ತೋರಿಸುತ್ತಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಲಾಗ್‌ಗಳನ್ನು ತಾಳೆ ಹಾಕುವಾಗ ಎರಡು ನಿಮಿಷದ ವ್ಯತ್ಯಾಸವೂ ತಪ್ಪು ಪ್ರೋಗ್ರಾಂ ಮೇಲೆ ಬೆರಳು ತೋರಿಸುತ್ತದೆ.

ಇಲ್ಲಿ ಆದೇಶ, ಕಾಲಂಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ. ಡೇಟಾಬೇಸ್ ವ್ಯೂ ಮತ್ತು ಕಾಲಂ ಹೆಸರು ಟೈಪ್ ಮಾಡುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ.

ಹಂತ 1: ಸರ್ವರ್ ಎಣಿಸುತ್ತಿರುವುದು ಏನನ್ನು?

ಟಿಸಿಪಿ ಕನೆಕ್ಷನ್ (ಎರಡು ಯಂತ್ರಗಳ ನಡುವಿನ ಜಾಲ ಸಂಪರ್ಕ), ಸೆಷನ್ (ಲಾಗಿನ್ ಆದ ಮೇಲಿನ ಕೆಲಸದ ಅವಧಿ), ಲೈಸೆನ್ಸ್ ಸೀಟು (ಲೈಸೆನ್ಸ್ ಲೆಕ್ಕದಲ್ಲಿ ಖರ್ಚಾಗುವ ಒಂದು ಜಾಗ) ಮೂರೂ ಬೇರೆ ಬೇರೆ. ಇವನ್ನು ಒಂದೇ ಎಂದುಕೊಂಡವರ ಲೆಕ್ಕ ಎಂದೂ ಸರಿಹೋಗುವುದಿಲ್ಲ.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಮಿತಿ ಇರುವುದು ಕನೆಕ್ಷನ್ ಮೇಲೆ. ಪೂರ್ವನಿಗದಿ ಕ್ರಮವಾಗಿ 100 ಮತ್ತು 151. ಫ್ಲೆಕ್ಸ್‌ನೆಟ್ ಬಗೆಯ ಲೈಸೆನ್ಸ್ ಸರ್ವರ್‌ಗಳಲ್ಲಿ ಎಣಿಕೆಯಾಗುವುದು ಸೀಟು. ಒಬ್ಬ ಬಳಕೆದಾರ ಒಂದೇ ಯಂತ್ರದ ಒಂದೇ ಪರದೆಯಿಂದ ಅದೇ ತಂತ್ರಾಂಶವನ್ನು ಮೂರು ಸಲ ತೆರೆದರೂ, ಲೈಸೆನ್ಸ್ ಫೈಲ್‌ನ ‘ಡೂಪ್ ಗ್ರೂಪ್’ ನಿಯಮ ಹಾಗೆ ಹೇಳಿದ್ದರೆ ಒಂದೇ ಸೀಟು ಖರ್ಚು. ಅಲ್ಲಿ ಕನೆಕ್ಷನ್ ಮೂರು, ಸೀಟು ಒಂದು. ವಿಂಡೋಸ್ 10 ಮತ್ತು 11ರ ಡೆಸ್ಕ್‌ಟಾಪ್ ಆವೃತ್ತಿಗಳ ಫೈಲ್ ಹಂಚಿಕೆಯಲ್ಲಿ ಮಿತಿ 20 ಸಾಧನಗಳದ್ದು.

ಮಿತಿಯ ಕೊನೆಯ ಕೆಲವು ಸೀಟುಗಳು ನಿಮ್ಮ ಪಾಲಿಗಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೋಸ್ಟ್‌ಗ್ರೆಸ್ 3 ಕನೆಕ್ಷನ್‌ಗಳನ್ನು ಸೂಪರ್‌ಯೂಸರ್‌ಗೆಂದು ತೆಗೆದಿಡುತ್ತದೆ; ಹಾಗಾಗಿ 100ರ ಮಿತಿ ಇದ್ದರೂ ಸಾಮಾನ್ಯ ಖಾತೆಗಳಿಗೆ 97ಕ್ಕೇ ಬಾಗಿಲು ಮುಚ್ಚುತ್ತದೆ. ಮೈಎಸ್‌ಕ್ಯುಎಲ್ ಮಿತಿಯ ಮೇಲೆ ಒಂದು ಹೆಚ್ಚುವರಿ ಕನೆಕ್ಷನ್ನನ್ನು ನಿರ್ವಾಹಕರಿಗೆ ಬಿಡುತ್ತದೆ. ಅಪ್ಲಿಕೇಶನ್‌ಗೇ ಸೂಪರ್‌ಯೂಸರ್ ಖಾತೆ ಕೊಟ್ಟ ಕಡೆ ಈ ಮೀಸಲು ಸೀಟುಗಳನ್ನೂ ಅದು ನುಂಗಿರುತ್ತದೆ, ತುರ್ತಿನ ಹೊತ್ತಿಗೆ ನಿಮಗೇ ಒಳಗೆ ಹೋಗಲು ಆಗುವುದಿಲ್ಲ.

ಹಂತ 2: ಏನನ್ನೂ ಮುಟ್ಟುವ ಮೊದಲು ಪಟ್ಟಿ ಉಳಿಸಿಕೊಳ್ಳಿ

ಬಳಕೆದಾರರು ಎಷ್ಟೇ ಅವಸರ ಮಾಡಿದರೂ ಈ ಒಂದು ನಿಮಿಷವನ್ನು ಬಿಟ್ಟುಕೊಡಬೇಡಿ. ಸರ್ವರ್ ತುಂಬಿರುವ ಸ್ಥಿತಿಯಲ್ಲೇ ಪಟ್ಟಿಯನ್ನು ಫೈಲ್‌ಗೆ ಇಳಿಸಿ, ಹೆಸರಿನಲ್ಲಿ ದಿನಾಂಕ ಮತ್ತು ಸಮಯ ಸೇರಿಸಿ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಎರಡು ವ್ಯೂಗಳನ್ನು ಸೆಷನ್ ಐಡಿ ಮೇಲೆ ಜೋಡಿಸಬೇಕು. ‘ಡಿಎಂ ಎಕ್ಸೆಕ್ ಸೆಷನ್ಸ್’ನಿಂದ ಹೋಸ್ಟ್ ನೇಮ್, ಪ್ರೋಗ್ರಾಂ ನೇಮ್, ಲಾಗಿನ್ ನೇಮ್, ಹೋಸ್ಟ್ ಪ್ರಾಸೆಸ್ ಐಡಿ ಹಾಗೂ ಕೊನೆಯ ವಿನಂತಿ ಮುಗಿದ ಸಮಯ, ‘ಡಿಎಂ ಎಕ್ಸೆಕ್ ಕನೆಕ್ಷನ್ಸ್’ನಿಂದ ಕ್ಲೈಂಟ್ ವಿಳಾಸ ಮತ್ತು ಕ್ಲೈಂಟ್ ಟಿಸಿಪಿ ಪೋರ್ಟ್. ಹಲವರು ‘ಎಸ್‌ಪಿ ಹೂ 2’ ಓಡಿಸಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅದರಲ್ಲಿ ಪೋರ್ಟ್ ಇರುವುದಿಲ್ಲ, ಅದಿಲ್ಲದೆ ನಾಲ್ಕನೆಯ ಹಂತ ಕುಂಟುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಒಂದೇ ಸಾಕು. ಕ್ಲೈಂಟ್ ವಿಳಾಸ, ಕ್ಲೈಂಟ್ ಪೋರ್ಟ್, ಅಪ್ಲಿಕೇಶನ್ ನೇಮ್, ಬ್ಯಾಕೆಂಡ್ ಸ್ಟಾರ್ಟ್, ಸ್ಟೇಟ್, ಸ್ಟೇಟ್ ಚೇಂಜ್ ಎಲ್ಲವೂ ಅಲ್ಲೇ ಇವೆ. ಬ್ಯಾಕೆಂಡ್ ಟೈಪ್ ‘ಕ್ಲೈಂಟ್ ಬ್ಯಾಕೆಂಡ್’ ಇರುವ ಸಾಲುಗಳನ್ನಷ್ಟೇ ಎಣಿಸಿ. ಸರ್ವರ್‌ನ ಸ್ವಂತ ಹಿನ್ನೆಲೆ ಪ್ರಾಸೆಸ್‌ಗಳೂ ಅದೇ ಪಟ್ಟಿಯಲ್ಲಿ ಬರುತ್ತವೆ. ಒರಾಕಲ್‌ನಲ್ಲಿ ‘ವಿ ಡಾಲರ್ ಸೆಷನ್’ (ಇದರಲ್ಲಿ ಅಂಡರ್‌ಸ್ಕೋರ್ ಇಲ್ಲ, ಡಾಲರ್ ಚಿಹ್ನೆ ಇದೆ) ನೋಡಿ, ಟೈಪ್ ‘ಯೂಸರ್’ ಎಂದಿರುವುದನ್ನು ಸೋಸಿ ತೆಗೆಯಿರಿ. ಮಷೀನ್, ಪೋರ್ಟ್, ಪ್ರೋಗ್ರಾಂ, ಮಾಡ್ಯೂಲ್ ಕಾಲಂಗಳು ಬೇಕು. ಮೈಎಸ್‌ಕ್ಯುಎಲ್‌ನ ‘ಪ್ರಾಸೆಸ್‌ಲಿಸ್ಟ್’ ಹೋಸ್ಟ್ ಕಾಲಂನಲ್ಲಿ ವಿಳಾಸದ ಪಕ್ಕಕ್ಕೇ ಪೋರ್ಟ್ ಅಂಟಿಸಿ ಕೊಡುತ್ತದೆ.

ಫ್ಲೆಕ್ಸ್‌ನೆಟ್‌ಗೆ ‘ಎಲ್‌ಎಂಸ್ಟ್ಯಾಟ್’ ಅನ್ನು ಎ ಆಯ್ಕೆಯೊಂದಿಗೆ ಓಡಿಸಿ. ಯಾವ ಫೀಚರ್, ಯಾವ ಬಳಕೆದಾರ, ಯಾವ ಯಂತ್ರ, ಎಷ್ಟು ಹೊತ್ತಿನಿಂದ ಎಂಬುದು ಬರುತ್ತದೆ. ಪ್ರಾಸೆಸ್ ಐಡಿ ಬರುವುದಿಲ್ಲ.

ಹಂತ 3: ಗುಂಪು ಮಾಡಿ, ಆದರೆ ಹೆಸರನ್ನು ನಂಬಬೇಡಿ

ಪಟ್ಟಿಯನ್ನು ಮೊದಲು ಯಂತ್ರವಾರು, ಆಮೇಲೆ ಲಾಗಿನ್‌ವಾರು, ಕೊನೆಗೆ ಪ್ರೋಗ್ರಾಂವಾರು ಗುಂಪು ಮಾಡಿ ಎಣಿಸಿ. ಬಹಳ ಸಲ ಮೊದಲ ಎಣಿಕೆಯಲ್ಲೇ ಒಂದು ಯಂತ್ರ ಎದ್ದು ಕಾಣುತ್ತದೆ.

ಪ್ರೋಗ್ರಾಂ ಹೆಸರಿನ ಕಾಲಂ ವಿಷಯದಲ್ಲಿ ಮಾತ್ರ ಎಚ್ಚರ. ಆ ಹೆಸರು ಸರ್ವರ್ ಕಂಡುಹಿಡಿದದ್ದಲ್ಲ, ಕ್ಲೈಂಟ್ ತಾನಾಗಿ ಹೇಳಿಕೊಂಡದ್ದು. ಡೆವಲಪರ್ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಹೆಸರು ಕೊಡದಿದ್ದರೆ ಅಲ್ಲಿ ಡ್ರೈವರ್‌ನ ಹೆಸರು ಕೂರುತ್ತದೆ: ‘ಡಾಟ್‌ನೆಟ್ ಎಸ್‌ಕ್ಯುಎಲ್‌ಕ್ಲೈಂಟ್ ಡೇಟಾ ಪ್ರೊವೈಡರ್’, ‘ಪೋಸ್ಟ್‌ಗ್ರೆಎಸ್‌ಕ್ಯುಎಲ್ ಜೆಡಿಬಿಸಿ ಡ್ರೈವರ್’, ‘ಜೆಡಿಬಿಸಿ ಥಿನ್ ಕ್ಲೈಂಟ್’. ಹತ್ತು ಬೇರೆ ಬೇರೆ ಅಪ್ಲಿಕೇಶನ್‌ಗಳು ಒಂದೇ ಹೆಸರಿನಡಿ ಬಂದರೆ ಕಾರಣ ಇದೇ.

ಪ್ರಾಸೆಸ್ ಐಡಿಯ ಕಥೆಯೂ ಅಷ್ಟೇ. ಒರಾಕಲ್‌ನ ಥಿನ್ ಡ್ರೈವರ್ ಪೂರ್ವನಿಗದಿಯಾಗಿ ಪ್ರಾಸೆಸ್ ಕಾಲಂನಲ್ಲಿ 1234 ಎಂದು ಬರೆಯುತ್ತದೆ. ಇದನ್ನು ನಿಜವೆಂದು ನಂಬಿ ಟಾಸ್ಕ್ ಮ್ಯಾನೇಜರ್‌ನಲ್ಲಿ 1234 ಹುಡುಕುತ್ತ ಕೂರುವವರು ಕಡಿಮೆಯೇನಿಲ್ಲ. ಕಂಟೇನರ್‌ನೊಳಗಿನ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಆವರಣದೊಳಗಿನ) ಅಪ್ಲಿಕೇಶನ್ ತನ್ನ ಐಡಿ 1 ಎಂದು ಹೇಳುವುದೂ ಸಾಮಾನ್ಯ. ಕಂಟೇನರ್ ಒಳಗೆ ಅದು ನಿಜ, ಹೊರಗೆ ಅರ್ಥವಿಲ್ಲ.

ಹಂತ 4: ಪೋರ್ಟ್ ಹಿಡಿದು ಪ್ರಾಸೆಸ್ ತಲುಪಿ

ಸರ್ವರ್ ಪಟ್ಟಿಯಿಂದ ಒಂದು ಸಾಲು ಆರಿಸಿ: ಕ್ಲೈಂಟ್ ವಿಳಾಸ, ಪೋರ್ಟ್. ಆ ಯಂತ್ರಕ್ಕೆ ಹೋಗಿ ಅದೇ ಪೋರ್ಟನ್ನು ಸ್ಥಳೀಯ ಪೋರ್ಟ್ ಆಗಿ ಹೊಂದಿರುವ ಪ್ರಾಸೆಸ್ ಹುಡುಕಬೇಕು.

ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್‌ಗೆ ಎ, ಎನ್, ಓ ಎಂಬ ಮೂರು ಆಯ್ಕೆ ಕೊಟ್ಟರೆ ಕೊನೆಯ ಕಾಲಂನಲ್ಲಿ ಪ್ರಾಸೆಸ್ ಐಡಿ ಬರುತ್ತದೆ. ಪವರ್‌ಶೆಲ್‌ನ ‘ಗೆಟ್ ನೆಟ್ ಟಿಸಿಪಿ ಕನೆಕ್ಷನ್’ನಲ್ಲಿ ಅದನ್ನೇ ‘ಓನಿಂಗ್ ಪ್ರಾಸೆಸ್’ ಎನ್ನುತ್ತಾರೆ. ಸಿಕ್ಕಿದ್ದು ‘ಎಸ್‌ವಿಸಿಹೋಸ್ಟ್’ ಆದರೆ ಕೆಲಸ ಇನ್ನೂ ಮುಗಿದಿಲ್ಲ: ‘ಟಾಸ್ಕ್‌ಲಿಸ್ಟ್’ಗೆ ಎಸ್‌ವಿಸಿ ಆಯ್ಕೆ ಕೊಟ್ಟು ಒಳಗಿನ ಸರ್ವಿಸ್ ಯಾವುದೆಂದು ನೋಡಿ. ‘ಡಬ್ಲ್ಯು3ಡಬ್ಲ್ಯುಪಿ’ ಆದರೆ ಅದು ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನ ಕೆಲಸಗಾರ ಪ್ರಾಸೆಸ್. ‘ಆ್ಯಪ್‌ಸಿಎಂಡಿ ಲಿಸ್ಟ್ ಡಬ್ಲ್ಯುಪಿ’ ಕೊಟ್ಟರೆ ಯಾವ ಅಪ್ಲಿಕೇಶನ್ ಪೂಲ್ ಎಂಬುದು ತಿಳಿಯುತ್ತದೆ.

ಲಿನಕ್ಸ್‌ನಲ್ಲಿ ಎಸ್‌ಎಸ್ ಆದೇಶಕ್ಕೆ ಟಿ, ಎನ್, ಪಿ ಆಯ್ಕೆಗಳು. ರೂಟ್ ಅಲ್ಲದೆ ಓಡಿಸಿದರೆ ಬೇರೆ ಬಳಕೆದಾರರ ಪ್ರಾಸೆಸ್ ಹೆಸರು ಖಾಲಿ ಬರುತ್ತದೆ. ಕಂಟೇನರ್ ಓಡಿಸುವ ಯಂತ್ರದಲ್ಲಿ ರೂಟ್ ಆಗಿ ಓಡಿಸಿದರೂ ಕಂಟೇನರ್‌ನ ಕನೆಕ್ಷನ್ ಕಾಣಿಸದೆ ಇರಬಹುದು, ಏಕೆಂದರೆ ಅದಕ್ಕೆ ಬೇರೆಯದೇ ನೆಟ್‌ವರ್ಕ್ ನೇಮ್‌ಸ್ಪೇಸ್ (ಪ್ರತ್ಯೇಕ ಜಾಲ ವಲಯ) ಇದೆ. ‘ಎನ್‌ಎಸ್‌ಎಂಟರ್’ ಬಳಸಿ ಕಂಟೇನರ್‌ನ ನೇಮ್‌ಸ್ಪೇಸ್ ಒಳಗೆ ಹೋಗಿ ಅದೇ ಆದೇಶ ಓಡಿಸಿ.

ಎರಡೂ ಪಟ್ಟಿಗಳನ್ನು ಒಟ್ಟೊಟ್ಟಿಗೇ ತೆಗೆಯಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕ್ಲೈಂಟ್ ಕಡೆಯ ಪೋರ್ಟ್‌ಗಳು ತಾತ್ಕಾಲಿಕ: ವಿಂಡೋಸ್‌ನಲ್ಲಿ 49152ರಿಂದ 65535, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 32768ರಿಂದ 60999. ಒಂದು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಬೆಳಗಿನ ಸರ್ವರ್ ಪಟ್ಟಿಯನ್ನು ಸಂಜೆಯ ನೆಟ್‌ಸ್ಟ್ಯಾಟ್ ಜತೆ ಜೋಡಿಸಿದರೆ ನಿರಪರಾಧಿ ಸಿಕ್ಕಿಬೀಳುತ್ತಾನೆ.

ಫ್ಲೆಕ್ಸ್‌ನೆಟ್‌ನಲ್ಲಿ ಇನ್ನೊಂದು ಬಲೆ. ಎಲ್ಲರೂ ಹುಡುಕುವುದು 27000ನೇ ಪೋರ್ಟನ್ನು. ಅದು ಸ್ವಾಗತ ಬಾಗಿಲು ಮಾತ್ರ. ಅಲ್ಲಿ ಕೇಳಿದ ಅಪ್ಲಿಕೇಶನ್ ಮುಂದೆ ವೆಂಡರ್ ಡೀಮನ್‌ನ (ತಂತ್ರಾಂಶ ಮಾರಿದವರ ಸೀಟು ಹಂಚುವ ಹಿನ್ನೆಲೆ ಪ್ರೋಗ್ರಾಂನ) ಪೋರ್ಟ್‌ಗೆ ಹೋಗಿ ಸೀಟು ಪಡೆಯುತ್ತದೆ. ಲೈಸೆನ್ಸ್ ಫೈಲ್‌ನ ವೆಂಡರ್ ಸಾಲಿನಲ್ಲಿ ಪೋರ್ಟ್ ನಿಗದಿ ಮಾಡದಿದ್ದರೆ ಆ ಸಂಖ್ಯೆ ಪ್ರತಿ ಸಲವೂ ಬದಲಾಗಬಹುದು. ಡೀಮನ್ ಯಾವ ಪೋರ್ಟ್‌ನಲ್ಲಿ ಕೇಳುತ್ತಿದೆ ಎಂಬುದನ್ನು ಮೊದಲು ಲೈಸೆನ್ಸ್ ಸರ್ವರ್‌ನಲ್ಲೇ ನೋಡಿಕೊಂಡು ಆಮೇಲೆ ಕ್ಲೈಂಟ್ ಕಡೆ ಹೋಗಿ.

ಹಂತ 5: ನಡುವೆ ನಿಂತವರನ್ನು ಗುರುತಿಸಿ

ಸರ್ವರ್ ತೋರಿಸಿದ ವಿಳಾಸಕ್ಕೆ ಹೋದರೆ ಅಲ್ಲಿ ಅಪ್ಲಿಕೇಶನ್ನೇ ಇಲ್ಲ! ಅದು ನ್ಯಾಟ್ ಗೇಟ್‌ವೇ, ಪ್ರಾಕ್ಸಿ, ಲೋಡ್ ಬ್ಯಾಲೆನ್ಸರ್ ಇಲ್ಲವೇ ಪಿಜಿಬೌನ್ಸರ್‌ನಂಥ ಪೂಲರ್ (ಹಲವರ ಕನೆಕ್ಷನ್‌ಗಳನ್ನು ಕೆಲವೇ ಕನೆಕ್ಷನ್‌ಗಳಲ್ಲಿ ಸಾಗಿಸುವ ಮಧ್ಯವರ್ತಿ) ಆಗಿರುತ್ತದೆ. ಆಗ ಅದೇ ಕೆಲಸವನ್ನು ಒಂದು ಮೆಟ್ಟಿಲು ಹಿಂದಕ್ಕೆ ಮಾಡಬೇಕು: ನಡುವಿನ ಯಂತ್ರದ ಒಳಬರುವ ಕನೆಕ್ಷನ್ ಯಾವುದು ಈ ಹೊರಹೋಗುವ ಕನೆಕ್ಷನ್‌ಗೆ ಜೋಡಿಯಾಗಿದೆ ಎಂದು ಅದರದೇ ಪಟ್ಟಿಯಲ್ಲಿ ನೋಡಬೇಕು. ಪಿಜಿಬೌನ್ಸರ್‌ನ ಅಡ್ಮಿನ್ ಕನ್ಸೋಲ್‌ನಲ್ಲಿ ‘ಶೋ ಕ್ಲೈಂಟ್ಸ್’ ಮತ್ತು ‘ಶೋ ಸರ್ವರ್ಸ್’ ಇದಕ್ಕೆಂದೇ ಇವೆ.

ಹೆಚ್ಚು ಗೊಂದಲ ಮಾಡುವುದು ಅಪ್ಲಿಕೇಶನ್‌ನ ಒಳಗಿನ ಕನೆಕ್ಷನ್ ಪೂಲ್ (ಮರುಬಳಕೆಗೆಂದು ತೆರೆದೇ ಇಟ್ಟುಕೊಂಡ ಕನೆಕ್ಷನ್‌ಗಳ ಗುಂಪು). ಬಳಕೆದಾರ ಒಬ್ಬನೂ ಇಲ್ಲದ ರಾತ್ರಿಯಲ್ಲೂ ಸೀಟುಗಳು ತುಂಬಿರುವುದು ಇದರಿಂದಲೇ. ಜಾವಾ ಲೋಕದಲ್ಲಿ ಬಹುಬಳಕೆಯ ಹಿಕಾರಿ ಪೂಲ್‌ನ ಗರಿಷ್ಠ ಗಾತ್ರ ಪೂರ್ವನಿಗದಿಯಾಗಿ 10, ಕನಿಷ್ಠ ಬಿಡುವಿನ ಕನೆಕ್ಷನ್‌ಗಳೂ ಅಷ್ಟೇ. ಅಂದರೆ ಕೆಲಸ ಇರಲಿ ಬಿಡಲಿ ಹತ್ತು ಸೀಟು ಹಿಡಿದೇ ಇರುತ್ತದೆ. ಅದೇ ಅಪ್ಲಿಕೇಶನ್‌ನ ನಾಲ್ಕು ಪ್ರತಿಗಳು ಓಡುತ್ತಿದ್ದರೆ 40. ಹೊಸ ಆವೃತ್ತಿ ಬಿಡುಗಡೆ ಮಾಡುವಾಗ ಹಳೆಯ, ಹೊಸ ಪ್ರತಿಗಳು ಕೆಲಕಾಲ ಜತೆಯಾಗಿ ಓಡಿದರೆ 80. ಬಿಡುಗಡೆಯ ದಿನಗಳಲ್ಲೇ ಮಿತಿ ಮುಗಿಯುತ್ತಿದೆ ಎಂದಾದರೆ ಬೇರೆಲ್ಲೂ ಹುಡುಕಬೇಡಿ.

ಡಾಟ್‌ನೆಟ್‌ನಲ್ಲಿ ಪೂಲ್‌ನ ಗರಿಷ್ಠ ಗಾತ್ರ ಪೂರ್ವನಿಗದಿಯಾಗಿ 100, ಅದೂ ಪ್ರತಿ ಪ್ರಾಸೆಸ್‌ನ ಪ್ರತಿ ಕನೆಕ್ಷನ್ ಸ್ಟ್ರಿಂಗ್‌ಗೆ. ಸ್ಟ್ರಿಂಗ್‌ನ ಅಕ್ಷರಗಳು ಹುಬೇಹೂಬು ಒಂದೇ ಇರಬೇಕು. ಕೀವರ್ಡ್‌ಗಳ ಕ್ರಮ ಬದಲಾದರೂ ಬೇರೆ ಪೂಲ್. ವಿಂಡೋಸ್ ಲಾಗಿನ್ ಬಳಸಿದರೆ ಪ್ರತಿ ಬಳಕೆದಾರನಿಗೂ ಬೇರೆ ಪೂಲ್. ಒಂದೇ ಅಪ್ಲಿಕೇಶನ್ ಅಷ್ಟೊಂದು ಕನೆಕ್ಷನ್ ತೆರೆದಿರುವುದು ಏಕೆಂದು ತಲೆಕೆಡಿಸಿಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ.

ಹಂತ 6: ಬಳಸುವವರನ್ನೂ ಸುಮ್ಮನೆ ಹಿಡಿದವರನ್ನೂ ಬೇರ್ಪಡಿಸಿ

ಈಗ ಪ್ರತಿ ಸೀಟಿಗೂ ಒಂದು ಪ್ರೋಗ್ರಾಂ ಗೊತ್ತಾಗಿದೆ. ಕೊನೆಯ ಚಟುವಟಿಕೆಯ ಸಮಯದ ಪ್ರಕಾರ ಸಾಲುಗಳನ್ನು ಜೋಡಿಸಿ.

ಎಚ್ಚರಿಕೆಯ ಗುರುತುಗಳು ಇವು. ಪೋಸ್ಟ್‌ಗ್ರೆಸ್‌ನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ನಿಮಿಷಗಟ್ಟಲೆ ನಿಂತ ಸಾಲು: ಪ್ರೋಗ್ರಾಂ ವ್ಯವಹಾರ ಆರಂಭಿಸಿ ಮುಗಿಸದೆ ಬಿಟ್ಟಿದೆ, ಸೀಟಿನ ಜತೆಗೆ ಲಾಕ್‌ಗಳನ್ನೂ ಹಿಡಿದಿರಬಹುದು. ಕ್ಲೈಂಟ್ ಕಡೆ ‘ಕ್ಲೋಸ್ ವೇಟ್’ ಸ್ಥಿತಿಯ ಕನೆಕ್ಷನ್‌ಗಳು ಏರುತ್ತಲೇ ಹೋಗುವುದು: ಎದುರಿನವರು ಮುಚ್ಚಿದರೂ ಪ್ರೋಗ್ರಾಂ ತನ್ನ ಕಡೆಯದನ್ನು ಮುಚ್ಚುತ್ತಿಲ್ಲ, ಕೋಡ್‌ನಲ್ಲಿ ಸೋರಿಕೆ ಇರುವುದು ಹೆಚ್ಚುಕಡಿಮೆ ಖಚಿತ. ‘ಟೈಮ್ ವೇಟ್’ ರಾಶಿ ಕಂಡರೆ ಗಾಬರಿ ಬೇಡ. ಅವು ಮುಚ್ಚಿಹೋದ ಕನೆಕ್ಷನ್‌ಗಳ ಅವಶೇಷ, ಸೀಟು ಹಿಡಿದಿರುವುದಿಲ್ಲ.

ಮತ್ತೊಂದು ಬಗೆ, ಸತ್ತ ಕ್ಲೈಂಟ್‌ಗಳದ್ದು. ಲ್ಯಾಪ್‌ಟಾಪ್ ಮುಚ್ಚಿದರು, ಕೇಬಲ್ ಕಿತ್ತಿತು, ವಿಪಿಎನ್ ಕಡಿಯಿತು. ಸರ್ವರ್‌ಗೆ ಯಾರೂ ವಿದಾಯ ಹೇಳಿಲ್ಲ. ಕೀಪ್‌ಅಲೈವ್ (ಆಚೆಯವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುವ ವ್ಯವಸ್ಥೆ) ಚಾಲೂ ಇದ್ದರೂ ಲಿನಕ್ಸ್ ಪೂರ್ವನಿಗದಿಯಂತೆ 7200 ಸೆಕೆಂಡ್ ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ತಟ್ಟಿ ನೋಡಿ, ಉತ್ತರ ಬಾರದಿದ್ದರೆ ಮಾತ್ರ ಕನೆಕ್ಷನ್ ಕಡಿಯುತ್ತದೆ. ಒಟ್ಟು ಸುಮಾರು 2 ಗಂಟೆ 11 ನಿಮಿಷ. ಸರ್ವರ್ ಪಟ್ಟಿಯಲ್ಲಿರುವ ಪೋರ್ಟ್ ಕ್ಲೈಂಟ್ ಯಂತ್ರದಲ್ಲಿ ಎಲ್ಲೂ ಇಲ್ಲ, ನಡುವೆ ಪ್ರಾಕ್ಸಿಯೂ ಇಲ್ಲ ಎಂದರೆ ಇಂಥದೇ ಸೀಟು ಅದು.

ಹಂತ 7: ಒಂದು ಪಟ್ಟಿಯಿಂದ ತೀರ್ಪು ಬೇಡ

ಐದು ನಿಮಿಷಕ್ಕೊಮ್ಮೆ ಯಂತ್ರ, ಪ್ರೋಗ್ರಾಂ, ಸ್ಥಿತಿವಾರು ಎಣಿಕೆಯನ್ನು ಬರೆದಿಡುವ ಚಿಕ್ಕ ಸ್ಕ್ರಿಪ್ಟ್ ಹಾಕಿ, ಕನಿಷ್ಠ ಒಂದು ವಾರ ಓಡಲಿ. ತಿಂಗಳ ಕೊನೆಯ ಲೆಕ್ಕಪತ್ರದಂಥ ಕೆಲಸ ಇದ್ದರೆ ಅದನ್ನೂ ಒಳಗೊಳ್ಳಲಿ. ಎಣಿಕೆ ಏರಿ ಇಳಿಯುತ್ತಿದ್ದರೆ ಅದು ಬಳಕೆ. ಮೆಟ್ಟಿಲಿನಂತೆ ಏರುತ್ತ ಹೋಗಿ, ಅಪ್ಲಿಕೇಶನ್ ರಿಸ್ಟಾರ್ಟ್ ಆದಾಗ ಮಾತ್ರ ಕುಸಿದರೆ ಅದು ಸೋರಿಕೆ. ಸಮತಟ್ಟಾಗಿದ್ದರೆ ಪೂಲ್.

ಐದು ನಿಮಿಷಗಳ ನಡುವೆ ಬಂದು ಹೋಗುವವರನ್ನು ಹಿಡಿಯಲು ಲಾಗ್ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ‘ಲಾಗ್ ಕನೆಕ್ಷನ್ಸ್’, ‘ಲಾಗ್ ಡಿಸ್ಕನೆಕ್ಷನ್ಸ್’ ಚಾಲೂ ಮಾಡಿದರೆ ಕನೆಕ್ಷನ್ ಮುಗಿದಾಗ ಅದು ಬದುಕಿದ್ದ ಅವಧಿಯೂ ದಾಖಲಾಗುತ್ತದೆ. ಫ್ಲೆಕ್ಸ್‌ನೆಟ್‌ನ ಡೀಬಗ್ ಲಾಗ್‌ನಲ್ಲಿ ‘ಔಟ್’, ‘ಇನ್’, ‘ಡಿನೈಡ್’ ಸಾಲುಗಳಿವೆ. ‘ಔಟ್’ ಆಗಿ ‘ಇನ್’ ಆಗದೆ ಉಳಿದವೇ ಹಿಡಿದಿಟ್ಟ ಸೀಟುಗಳು. ‘ಡಿನೈಡ್’ ಬಂದ ಸಮಯಗಳನ್ನು ಗುರುತು ಹಾಕಿಕೊಳ್ಳಿ, ಕೊನೆಯ ಹಂತದಲ್ಲಿ ಬೇಕು.

ಹಂತ 8: ಈಗ ಸೀಟು ಬಿಡಿಸಿ, ಎಚ್ಚರದಿಂದ

ಸಾಧ್ಯವಾದರೆ ಅಪ್ಲಿಕೇಶನ್ ಕಡೆಯಿಂದಲೇ ಮುಚ್ಚಿಸಿ. ಸರ್ವರ್ ಕಡೆಯಿಂದ ಕಡಿಯುವುದು ಕೊನೆಯ ದಾರಿ.

ಪೋಸ್ಟ್‌ಗ್ರೆಸ್‌ನ ‘ಪಿಜಿ ಕ್ಯಾನ್ಸಲ್ ಬ್ಯಾಕೆಂಡ್’ ಕ್ವೆರಿಯನ್ನಷ್ಟೇ ನಿಲ್ಲಿಸುತ್ತದೆ, ಸೀಟು ಬಿಡುವುದಿಲ್ಲ. ‘ಪಿಜಿ ಟರ್ಮಿನೇಟ್ ಬ್ಯಾಕೆಂಡ್’ ಬೇಕು. ಆ ಪ್ರಾಸೆಸ್‌ಗೆ ಲಿನಕ್ಸ್‌ನಿಂದ ‘ಕಿಲ್ 9’ ಮಾತ್ರ ಕೊಡಲೇಬೇಡಿ: ಒಂದು ಸೀಟಿನ ಆಸೆಗೆ ಪೋಸ್ಟ್‌ಗ್ರೆಸ್ ಉಳಿದೆಲ್ಲರ ಕನೆಕ್ಷನ್ನನ್ನೂ ಕಡಿದು ಚೇತರಿಕೆಗೆ ಇಳಿಯುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ‘ಕಿಲ್’ ಕೊಟ್ಟ ಮೇಲೆ ಅರ್ಧವಾದ ಕೆಲಸ ಹಿಂದಕ್ಕೆ ಸರಿಯಬೇಕು. ದೊಡ್ಡ ವ್ಯವಹಾರವಾದರೆ ಬಹಳ ಹೊತ್ತು ಹಿಡಿಯುತ್ತದೆ, ಸೀಟು ಅಲ್ಲಿಯವರೆಗೆ ಅಲ್ಲೇ. ಒರಾಕಲ್‌ನಲ್ಲಿ ಕೊಂದ ಸೆಷನ್ ‘ಕಿಲ್ಡ್’ ಎಂಬ ಗುರುತಿನೊಂದಿಗೆ ಪಟ್ಟಿಯಲ್ಲಿ ಉಳಿಯುವುದುಂಟು.

ಪೂಲ್‌ನ ಕನೆಕ್ಷನ್ ಕಡಿದರೆ ಪೂಲ್ ಅದನ್ನು ಮತ್ತೆ ತೆರೆಯುತ್ತದೆ. ಕೊಂದಷ್ಟೂ ಹುಟ್ಟುತ್ತಿದ್ದರೆ ಕೊಲ್ಲುವುದನ್ನು ನಿಲ್ಲಿಸಿ ಪೂಲ್‌ನ ಗಾತ್ರ ಇಳಿಸಿ.

ಹಂತ 9: ಹೆಸರು ಮತ್ತು ಮಿತಿ ಹಾಕಿ

ಪ್ರತಿ ಅಪ್ಲಿಕೇಶನ್‌ನ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಅದರ ಹೆಸರು ಸೇರಿಸಿ. ಎಸ್‌ಕ್ಯುಎಲ್ ಸರ್ವರ್‌ಗೆ ‘ಅಪ್ಲಿಕೇಶನ್ ನೇಮ್’, ಪೋಸ್ಟ್‌ಗ್ರೆಸ್‌ಗೂ ಅದೇ ಬಗೆಯ ಗುಣ, ಒರಾಕಲ್‌ನಲ್ಲಿ ಮಾಡ್ಯೂಲ್ ಹೆಸರು. ಪೋಸ್ಟ್‌ಗ್ರೆಸ್ 63 ಅಕ್ಷರಗಳಾಚೆ ಕತ್ತರಿಸುವುದರಿಂದ ಮುಖ್ಯವಾದದ್ದು ಮುಂದೆ ಇರಲಿ. ಪ್ರತಿ ಅಪ್ಲಿಕೇಶನ್‌ಗೂ ಬೇರೆ ಲಾಗಿನ್ ಕೊಡಿ. ಹತ್ತು ಅಪ್ಲಿಕೇಶನ್‌ಗಳಿಗೆ ಒಂದೇ ಲಾಗಿನ್ ಕೊಡುವುದು ಸುಲಭವೆನಿಸಿದರೂ ಮುಂದಿನ ಪತ್ತೆಗಾರನಿಗೆ ಅದಕ್ಕಿಂತ ದೊಡ್ಡ ಅಡ್ಡಿಯಿಲ್ಲ.

ಲಾಗಿನ್ ಬೇರೆಯಾದರೆ ಮಿತಿಯನ್ನೂ ಬೇರೆ ಹಾಕಬಹುದು: ಪೋಸ್ಟ್‌ಗ್ರೆಸ್‌ನಲ್ಲಿ ಪಾತ್ರದ ‘ಕನೆಕ್ಷನ್ ಲಿಮಿಟ್’, ಮೈಎಸ್‌ಕ್ಯುಎಲ್‌ನಲ್ಲಿ ‘ಮ್ಯಾಕ್ಸ್ ಯೂಸರ್ ಕನೆಕ್ಷನ್ಸ್’, ಫ್ಲೆಕ್ಸ್‌ನೆಟ್‌ನ ಆಪ್ಷನ್ಸ್ ಫೈಲ್‌ನಲ್ಲಿ ‘ಮ್ಯಾಕ್ಸ್’. ಒಂದು ವರದಿ ಪ್ರೋಗ್ರಾಂ ಸೋರಿದರೆ ಅದೊಂದೇ ನಿಲ್ಲಲಿ, ಬಿಲ್ಲಿಂಗ್ ನಿಲ್ಲಬಾರದು. ಸುಮ್ಮನೆ ಕೂತವರಿಗೆ ಕಾಲಮಿತಿಯೂ ಬೇಕು. ಮೈಎಸ್‌ಕ್ಯುಎಲ್‌ನ ‘ವೇಟ್ ಟೈಮ್‌ಔಟ್’ ಪೂರ್ವನಿಗದಿ 28800 ಸೆಕೆಂಡ್, ಅಂದರೆ 8 ಗಂಟೆ. ಸೀಟು ಕಡಿಮೆ ಇರುವ ಕಡೆ ಇದು ವಿಪರೀತ ಉದಾರ. ಇಳಿಸುವಾಗ ಪೂಲ್‌ನ ಕನೆಕ್ಷನ್ ಆಯುಷ್ಯ ಅದಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಪೂಲ್ ಸತ್ತ ಕನೆಕ್ಷನ್ನನ್ನು ಅಪ್ಲಿಕೇಶನ್‌ಗೆ ಕೊಡುತ್ತದೆ. ಪೋಸ್ಟ್‌ಗ್ರೆಸ್ 14ರಿಂದ ‘ಐಡಲ್ ಸೆಷನ್ ಟೈಮ್‌ಔಟ್’ ಇದೆ. ಫ್ಲೆಕ್ಸ್‌ನೆಟ್‌ನ ‘ಟೈಮ್‌ಔಟ್’ ಸಾಮಾನ್ಯವಾಗಿ 900 ಸೆಕೆಂಡ್‌ಗಿಂತ ಕೆಳಗೆ ಇಳಿಯುವುದಿಲ್ಲ, ಅದೂ ಅಪ್ಲಿಕೇಶನ್ ಅದಕ್ಕೆ ಸಹಕರಿಸಿದರೆ ಮಾತ್ರ.

ಹಂತ 10: ಲೈಸೆನ್ಸ್ ಕೊಳ್ಳಬೇಕೇ?

ಸೋರಿಕೆ ಮುಚ್ಚಿ, ಪೂಲ್ ಇಳಿಸಿ, ಇನ್ನೊಂದು ವಾರ ಎಣಿಸಿದ ಮೇಲೂ ‘ಡಿನೈಡ್’ ಸಾಲುಗಳು ಬರುತ್ತಿದ್ದು, ಆ ಹೊತ್ತಿನಲ್ಲಿ ಹೆಚ್ಚಿನ ಸೀಟುಗಳು ನಿಜವಾಗಿ ಕೆಲಸ ಮಾಡುತ್ತಿದ್ದರೆ ಕೊಳ್ಳಿ. ಗರಿಷ್ಠ ಬಳಕೆಯ ಅಂಕಿ ಸರ್ವರ್‌ನಲ್ಲೇ ಸಿಗುತ್ತದೆ: ಮೈಎಸ್‌ಕ್ಯುಎಲ್‌ನ ‘ಮ್ಯಾಕ್ಸ್ ಯೂಸ್ಡ್ ಕನೆಕ್ಷನ್ಸ್’, ಒರಾಕಲ್‌ನ ‘ವಿ ಡಾಲರ್ ಲೈಸೆನ್ಸ್’ನಲ್ಲಿರುವ ‘ಸೆಷನ್ಸ್ ಹೈವಾಟರ್’. ಎರಡೂ ಸರ್ವರ್ ಶುರುವಾದಂದಿನಿಂದ ಮಾತ್ರ ಲೆಕ್ಕ ಇಡುತ್ತವೆ. ರಿಸ್ಟಾರ್ಟ್ ಮಾಡಿದರೆ ಹೋಯಿತು.

ಪೂಲ್ ಹಾಕಿ ಕನೆಕ್ಷನ್ ಸಂಖ್ಯೆ ಇಳಿಸಿದ್ದಕ್ಕೆ ಲೈಸೆನ್ಸ್ ಸಂಖ್ಯೆಯನ್ನೂ ಇಳಿಸಬಹುದೆಂದು ಮಾತ್ರ ಊಹಿಸಬೇಡಿ. ಮೈಕ್ರೋಸಾಫ್ಟ್‌ನ ಕ್ಯಾಲ್ (ಸರ್ವರ್ ಬಳಸಲು ಬೇಕಾದ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್) ನಿಯಮದಲ್ಲಿ ಇದನ್ನು ಮಲ್ಟಿಪ್ಲೆಕ್ಸಿಂಗ್ ಎನ್ನುತ್ತಾರೆ. ನಡುವೆ ಎಷ್ಟೇ ಪದರಗಳಿದ್ದರೂ, ಸರ್ವರ್‌ಗೆ ಕಾಣುವುದು ಐದೇ ಕನೆಕ್ಷನ್ ಆಗಿದ್ದರೂ, ಆಚೆ ತುದಿಯಲ್ಲಿರುವ ಪ್ರತಿ ಬಳಕೆದಾರ ಅಥವಾ ಸಾಧನಕ್ಕೂ ಕ್ಯಾಲ್ ಬೇಕು.